ಅಪ್ಪ ಏಳದೆ ಕೂತ ಬೆಂಚು

ಸ್ವಾತಂತ್ರ್ಯಕ್ಕೆ ಒಂದೆರಡು ವರ್ಷ ಮುಂಚೆ, ಬಸ್ರೂರಿನ ಹತ್ತಿರದ ನಮ್ಮೂರಲ್ಲಿ ಪಂಚಾಯ್ತಿ ಕೋರ್ಟಿಗೆ ನ್ಯಾಯ ಹೇಳುವ ಮೂವರು ಪಂಚರನ್ನು ಆರಿಸಿದರು. ಆರಿಸಿದ್ದು ಒಡೆಯರ ಮನೆಯ ಅಂಗಳದಲ್ಲಿ. ಒಡೆಯರು ಜಗಲಿಯಲ್ಲಿ ಕೂತು ಹೆಸರು ಹೇಳಿದರು, ಅಂಗಳದಲ್ಲಿ ನಿಂತವರು ಕೈ ಎತ್ತಿದರು. ನಿಂತವರೆಲ್ಲ ಅವರ ಗದ್ದೆಯನ್ನೇ ಗೇಣಿಗೆ ಮಾಡುವವರು. ಬೇಡವೆಂದರೆ ಗದ್ದೆ ಬಿಡಬೇಕು. ಇದಕ್ಕೆ ಚುನಾವಣೆ ಎಂಬ ಹೆಸರು ಬೇರೆ! ಬಾಯಿ ಸತ್ತವನೆಂದು ನನ್ನ ಅಪ್ಪನನ್ನೂ ಆರಿಸಿದ್ದರು.

ಮೊದಲ ದೂರೇ ಒಡೆಯರ ಮೇಲೆ ಬಂತು. ನಮ್ಮ ನೆರೆಮನೆಯ ವಿಧವೆಯ ಹಾಲು ಕರೆಯುವ ದನವನ್ನು ಅವರು ತಮ್ಮ ಹಟ್ಟಿಯಲ್ಲಿ ಕಟ್ಟಿಕೊಂಡಿದ್ದರು. ವಿಚಾರಣೆಯ ದಿನ ಒಡೆಯರು ಬಾಗಿಲಲ್ಲಿ ಕಂಡದ್ದೇ ತಡ, ಇಬ್ಬರು ಪಂಚರು ಹೆಗಲ ಬೈರಾಸು ತೆಗೆದು ದಡಬಡ ಎದ್ದು ನಿಂತರು. ಅಪ್ಪ ಬೆಂಚಿನಿಂದ ಏಳಲಿಲ್ಲ.

“ಎಂತದಾ, ನಿನ್ ಕಾಲಿಗ್ ಲಕ್ವ ಹೊಡಿತಾ?” ಎಂದರು ಒಡೆಯರು.

“ಇವತ್ತ್ ನಿಲ್ಕಾದ್ದ್ ನೀವ್, ಒಡೇರೆ,” ಎಂದ ಅಪ್ಪ.

ಇಬ್ಬರು ಒಡೆಯರ ಕಡೆ ತೀರ್ಪು ಕೊಟ್ಟರು, ಅಪ್ಪನೊಬ್ಬನೇ ವಿಧವೆಯ ಕಡೆ. ದನ ಒಡೆಯರ ಹಟ್ಟಿಯಲ್ಲೇ ಉಳಿಯಿತು. ಕೊಯ್ಲು ಮುಗಿದ ಮೇಲೆ ನಮ್ಮ ಗದ್ದೆಯನ್ನೂ ಬಿಡಿಸಿದರು. ತೀರ್ಪಿಗಲ್ಲ, ಏಳದೆ ಇದ್ದದ್ದಕ್ಕೆ ಎಂದು ಒಡೆಯರೇ ಹೇಳಿ ಕಳಿಸಿದರು.

ಪಾತ್ರೆ ಚಾಪೆ ಹೊತ್ತು ನಾವು ಊರು ಬಿಟ್ಟ ದಿನ ಆ ವಿಧವೆ ದಾರಿಯಲ್ಲಿ ಸಿಕ್ಕಿದಳು. ಎರಡು ಒಳ್ಳೆಯ ಮಾತು ಆಡಿಯಾಳೆಂದು ಅಮ್ಮ ನಿಂತಳು. ಅವಳು ಅಮ್ಮನ ಮುಖ ನೋಡದೆ ಹೇಳಿದಳು:

“ಆವತ್ತ್ ನಿಮ್ಮವ್ರ್ ಎದ್ದ್ ನಿಂತಿದ್ರೆ ಒಡೇರಿಗ್ ಸಿಟ್ಟ್ ಬತ್ತಿರ್ಲಿಲ್ಲ ಅಕ್ಕ. ನನ್ ದನ ಆದ್ರೂ ಸಿಕ್ತಿತ್ತ್.”