ಎರಡನೇ ಸಲ ಕೇಳಲಿಲ್ಲ

ಈಗಲೂ ನೆನೆದರೆ ಮೈ ಉರಿಯುತ್ತದೆ. ಕಂಪ್ಯೂಟರ್ ಕೆಲಸದವರಿಗೆಂದು ಜರ್ಮನಿ ಕೊಡುತ್ತಿದ್ದ ಗ್ರೀನ್ ಕಾರ್ಡ್ ಸಿಕ್ಕಿದ್ದು ನನಗೆ. ನನ್ನ ಗಂಡ ನನ್ನ ಬೆನ್ನಿಗೆ ಇಲ್ಲಿಗೆ ಬಂದವರು. ಹ್ಯಾನೋವರಿನ ಕಂಪನಿಯಲ್ಲಿ ನಾನು ಅಂಟಾರ್ಕ್ಟಿಕಾದ ಒಂದು ಸಂಶೋಧನಾ ಕೇಂದ್ರಕ್ಕೆ ಪ್ರೋಗ್ರಾಮ್ ಬರೆಯುತ್ತಿದ್ದೆ. ಅಲ್ಲಿಗೆ ಡೀಸೆಲ್ ಒಯ್ಯುವುದೇ ಹರಸಾಹಸ. ಅದಕ್ಕೇ ಗಾಳಿಯಂತ್ರ ತಿರುಗಿದಾಗ ಜನರೇಟರ್ ತಾನಾಗಿ ತಗ್ಗಬೇಕು, ಜನರೇಟರಿನ ಬಿಸಿಯಲ್ಲೇ ಹಿಮ ಕರಗಿ ಕುಡಿಯುವ ನೀರಾಗಬೇಕು. ನಮ್ಮ ಕಡೆ ರೊಟ್ಟಿ ಬೇಯಿಸುವ ಉರಿಯಲ್ಲೇ ಪಕ್ಕದ ಕೋಡೊಲೆಯ ಮೇಲೆ ಬೇಳೆ ಬೇಯುತ್ತದಲ್ಲ, ಅದೇ ಲೆಕ್ಕ. ಡಿಸೆಂಬರಿನಲ್ಲಿ, ಅಂದರೆ ಅಲ್ಲಿಯ ಬೇಸಿಗೆಯಲ್ಲಿ, ಯಾರಾದರೊಬ್ಬರು ಹಡಗಿನಲ್ಲಿ ಹೋಗಿ ಅದನ್ನೆಲ್ಲ ಕೂಡಿಸಿ ಬರಬೇಕಿತ್ತು. ನನಗೆ ಹೋಗಬೇಕಿತ್ತು. ಕೂತರೂ ನಿಂತರೂ ಅದೇ ಧ್ಯಾನ.

ಒಂದು ಭಾನುವಾರ ಬಾಸನ್ನು ಊಟಕ್ಕೆ ಕರೆದೆವು. ಎರಡು ರೊಟ್ಟಿ ತಿಂದು "ನೈನ್" ಎಂದರು, ಅಂದರೆ ಬೇಡ, ಸಾಕು ಎಂದು. ನಮ್ಮವರು ಬಿಟ್ಟಾರೆಯೇ? "ಏ, ನಾಚಬ್ಯಾಡ್ರಿ, ತಗೋರಿ" ಎಂದು ಕನ್ನಡದಲ್ಲೇ ಗದರಿಸಿ ಮೂರನೆಯದನ್ನು ತಾಟಿಗೆ ಹಾಕಿಯೇಬಿಟ್ಟರು. ಪಾಪ, ಮನುಷ್ಯ ತಿಂದರು. ಆಮೇಲೆ ನನ್ನ ಕಡೆ ತಿರುಗಿ, ಅಂಟಾರ್ಕ್ಟಿಕಾಕ್ಕೆ ನೀವು ಹೋಗುತ್ತೀರಾ ಎಂದು ಕೇಳಿದರು.

ಒಳಗೊಳಗೇ ಹಿಗ್ಗಿದೆ. ಬಾಯಿಂದ ಬಂದದ್ದು ಮಾತ್ರ, "ನೈನ್ ನೈನ್, ನಾನ್ಯಾಕೆ, ಹಿರಿಯರು ಯಾರಾದರೂ ಹೋಗಲಿ." ಕೇಳಿದ ತಕ್ಷಣ ಹೂಂ ಅನ್ನುವವರು ಆಸೆಬುರುಕರು ಎಂದು ನನ್ನವ್ವ ಕಲಿಸಿದ್ದಳು. ಮೊದಲು ಬೇಡ ಅನ್ನಬೇಕು, ಎದುರಿನವರು ಒತ್ತಾಯ ಮಾಡಬೇಕು, ಆಮೇಲೆ ಒಲ್ಲದ ಮನಸ್ಸಿನವರ ಹಾಗೆ ಒಪ್ಪಬೇಕು. ನಾನು ಎರಡನೇ ಸಲಕ್ಕೆ ಕಾಯುತ್ತ ಕೂತೆ. ಅವರು "ಶಾಡೆ" ಅಂದರು, ಅಂದರೆ ಛೇ, ಎಂಥ ಕೆಲಸವಾಯಿತು ಎಂದು. ಮಜ್ಜಿಗೆ ಕುಡಿದರು. ಬೂಟು ಹಾಕಿಕೊಂಡು ಹೋದರು.

ಆ ವಾರವೇ ಬೇರೊಬ್ಬನ ಹೆಸರು ಹಡಗಿನವರಿಗೆ ಹೋಯಿತು. ಆತ ನನ್ನ ಪ್ರೋಗ್ರಾಮಿನ ಒಂದು ಸಾಲೂ ಬರೆದವನಲ್ಲ! ಬಾಸ್ ಕೋಣೆಗೆ ನುಗ್ಗಿ, ಮತ್ತೊಮ್ಮೆ ಕೇಳಬಾರದಿತ್ತೇ ಎಂದೆ. ಅವರು ನಿಜಕ್ಕೂ ಗಲಿಬಿಲಿಗೊಂಡರು.

"ನೀವು ನೈನ್ ಎಂದಿರಿ. ಮತ್ತೆ ಕೇಳಿದರೆ ನಿಮ್ಮ ಮಾತಿಗೆ ಬೆಲೆ ಕೊಡದ ಹಾಗಲ್ಲವೇ?"

ಬೆಂಕಿ ಬೀಳಲಿ ಇವರ ಮರ್ಯಾದೆಗೆ. ನಮ್ಮೂರಿನ ಮರ್ಯಾದೆಗೂ ಬೀಳಲಿ.

ಮನೆಗೆ ಬಂದು ಚೀಲ ಒಗೆದೆ. ಬಾಸ್‌ನ ವಂಶವನ್ನೆಲ್ಲ ಜಾಲಾಡಿ ಬೈದು ಅತ್ತುಬಿಟ್ಟೆ. ನಮ್ಮವರು ಟಿವಿ ನೋಡುತ್ತಲೇ ಸಮಾಧಾನ ಹೇಳಿದರು: "ಹೋಗ್ಲಿ ಬಿಡ. ನೀ ಹೂಂ ಅಂದಿದ್ರೂ ನಾ ಏನ್ ಕಳಸ್ತಿದ್ದಿಲ್ಲ."

ಮದುವೆಯಾದಂದಿನಿಂದ ಅವರನ್ನು ನೀವು ಎಂದೇ ಕರೆದವಳು ನಾನು. ಟಿವಿ ಆರಿಸಿ ಎದುರಿಗೆ ನಿಂತೆ.

"ನಿನ್ನ ಯಾರ್ ಕೇಳ್ಯಾರ?"