ಅಪೆಂಡಿಕ್ಸ್ ಎಂದು ಹೇಳಿದ ಆಪರೇಷನ್

ನನಗೆ ಇಪ್ಪತ್ತಮೂರಾಗಿದ್ದಾಗ ಸಂಡಾಸಿಗೆ ಕೂತರೆ ಗುದನಾಳ ಹೊರಗೆ ಜಾರಿ ಬರುತ್ತಿತ್ತು. ಕೈಯಿಂದ ಒಳಗೆ ತಳ್ಳಿಕೊಂಡು, ಸಿಂಗಸಂದ್ರದ ಗಾರ್ಮೆಂಟ್ಸಿಗೆ ಹೋಗಿ ಇಡೀ ದಿನ ಮೆಷಿನ್ ಮುಂದೆ ಕೂರುತ್ತಿದ್ದೆ. ಕೊನೆಗೆ ಹೊಟ್ಟೆಯ ಮೂಲಕ ಆಪರೇಷನ್ ಮಾಡಿ ಅದನ್ನು ಮೇಲೆಳೆದು ಹೊಲಿದರು. ಮನೆಗೆ ಕಳಿಸುವಾಗ ಡಾಕ್ಟರಮ್ಮ, "ನಿಮ್ಗಿನ್ನೂ ಚಿಕ್ಕ ವಯಸ್ಸು. ಈ ಹೊಲಿಗೆ ಇನ್ನೂ ಎಷ್ಟೋ ವರ್ಷ ತಡೀಬೇಕು. ಭಾರ ಎತ್ಬೇಡಿ, ಸಂಡಾಸಲ್ಲಿ ತಿಣುಕ್ಬೇಡಿ, ವರ್ಷಕ್ಕೊಂದ್ಸಲ ಬಂದು ತೋರಿಸ್ಕೊಳ್ಳಿ" ಎಂದರು.

ಆಟೋ ಹತ್ತುವ ಮೊದಲೇ ಅಮ್ಮ ತೀರ್ಮಾನ ಮಾಡಿದ್ದಳು. "ಯಾರಾದ್ರೂ ಕೇಳಿದ್ರೆ ಅಪೆಂಡಿಕ್ಸ್ ಅನ್ನು. ನಿಂಗಿನ್ನೂ ಮದ್ವೆ ಆಗ್ಬೇಕು." ಅಪೆಂಡಿಕ್ಸ್ ಮರ್ಯಾದಸ್ಥರ ಕಾಯಿಲೆ, ಯಾರೂ ಮುಂದಿನ ಪ್ರಶ್ನೆ ಕೇಳುವುದಿಲ್ಲ. ಎರಡು ವರ್ಷದ ಮೇಲೆ, ಗಂಡನಿಗೂ ಅದನ್ನೇ ಹೇಳಿ ಮದುವೆಯಾಗಿ ಜಿಗಣಿಗೆ ಬಂದೆ.

ಅತ್ತೆಯದು ಅಲ್ಲಿಯ ಹಳೆಯ ಒಕ್ಕಲು ಮನೆತನ. ಹೊಲವಿದ್ದ ಜಾಗದಲ್ಲಿ ಈಗ ಬಾಡಿಗೆ ಮನೆಗಳು. ಹೊಲ ಹೋದರೂ ಹೆಂಗಸರು ಭಾರ ಹೊರುವುದು ಹೋಗಿರಲಿಲ್ಲ. ಇಪ್ಪತ್ತು ಲೀಟರಿನ ನೀರಿನ ಕ್ಯಾನನ್ನು ಎರಡನೇ ಮಹಡಿಗೆ ಹೊತ್ತು ಹತ್ತಿಸಬೇಕು. ಒಮ್ಮೆ ಹಿಂಜರಿದಾಗ ಅತ್ತೆ, "ಅಪೆಂಡಿಕ್ಸ್ ತೆಗೆಸ್ಕಂಡೋರು ಎರಡೇ ತಿಂಗ್ಳಿಗೆ ಗೊಬ್ಬರ ಹೊತ್ತವ್ರೆ. ಇಂಗೆ ನಾಜೂಕಾದ್ರೆ ಎಂಗವ್ವ?" ಎಂದರು. ಕ್ಯಾನ್ ಎತ್ತಿದೆ. ಆಸ್ಪತ್ರೆ ಚೀಟಿ ಯಾರ ಕಣ್ಣಿಗಾದರೂ ಬಿದ್ದೀತೆಂದು ವರ್ಷದ ಚೆಕಪ್ಪನ್ನೂ ಬಿಟ್ಟೆ. ನನ್ನ ಬುದ್ಧಿಗೆ ಮಂಕು ಕವಿದಿತ್ತು.

ಆಪರೇಷನ್ ಆದ ಒಂಬತ್ತನೇ ವರ್ಷ ಅದು ಮತ್ತೆ ಜಾರಿತು. "ಭಾರ ಎತ್ತಿದ್ದಕ್ಕೇ ಅಂತ ಖಂಡಿತ ಹೇಳಕ್ಕಾಗಲ್ಲ, ಕೆಲವ್ರಿಗೆ ವರ್ಷಗಳಾದ್ಮೇಲೆ ಮರುಕಳಿಸುತ್ತೆ. ಆದ್ರೆ ನೀವು ಮೊದ್ಲೇ ಬರ್ಬೇಕಿತ್ತು" ಎಂದ ಡಾಕ್ಟರಮ್ಮ, ಇನ್ನೊಂದು ಆಪರೇಷನ್ ಬೇಕೆಂದರು. ಅಪೆಂಡಿಕ್ಸನ್ನು ಎರಡು ಸಲ ತೆಗೆಯಲು ಬರುವುದಿಲ್ಲವಲ್ಲ. ಗಂಡನಿಗೆ ನಿಜ ಹೇಳಿದೆ. "ನಂಗಾದ್ರೂ ಹೇಳ್ಬಾರ್ದಿತ್ತಾ?" ಎಂದರು.

ಅಡುಗೆಮನೆಯಲ್ಲಿ ಅತ್ತೆ ಅವರೆಕಾಳು ಹಿತುಕುತ್ತಿದ್ದರು. ಅವರಿಗೂ ಎಲ್ಲವನ್ನೂ ಹೇಳಿದೆ, ಕೈಯಿಂದ ಒಳಗೆ ತಳ್ಳಿಕೊಳ್ಳುತ್ತಿದ್ದುದನ್ನೂ. ಬೈಸಿಕೊಳ್ಳಲು ತಯಾರಾಗಿ ನಿಂತೆ.

ಅವರ ಕೈ ನಿಂತಿತು. ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

"ನಂಗೂ ಅದೇ ಕಣವ್ವ. ನಿನ್ ಗಂಡ ಹುಟ್ದಾಗ್ನಿಂದ. ಬಟ್ಟೆ ಒತ್ತಿ ಕಟ್ಕಂಡು ಓಡಾಡ್ತೀನಿ. ಇದುಕ್ಕೆ ಆಪರೇಸನ್ ಐತೆ ಅಂತ ಯಾರೂ ಹೇಳ್ನಿಲ್ಲ."

ಹೇಳಬಹುದಾಗಿದ್ದವಳು ಏಳು ವರ್ಷದಿಂದ ಅದೇ ಮನೆಯಲ್ಲಿದ್ದೆ.