ಹ್ಯಾಮರ್ ಕಲಿಸಿದ ಜವಾನರು

ಅವರ ಎಡಗಾಲಿನ ಹಿಮ್ಮಡಿ ಒಡೆದು ಬಾಯಿಬಿಟ್ಟಿರುತ್ತಿತ್ತು. ಆ ಹಿಮ್ಮಡಿಯ ಮೇಲೆ ಅವರು ಗರಗರ ತಿರುಗಿ ನಿಂತರೆ ನೆಲದಲ್ಲಿ ಬಟ್ಟಲಿನಷ್ಟು ಗುಳಿ ಬೀಳುತ್ತಿತ್ತು, ಮೈ ಮಾತ್ರ ಒಂದಿಷ್ಟೂ ವಾಲುತ್ತಿರಲಿಲ್ಲ. ಕೊಳ್ಳೇಗಾಲದ ನಮ್ಮ ಹೈಸ್ಕೂಲಿನ ಜವಾನರು ಅವರು, ಲೊಕ್ಕನಹಳ್ಳಿ ಕಡೆಯವರು. ಈಗ ‘ಅವರು’ ಎನ್ನುತ್ತಿದ್ದೇನೆ. ಆಗ, ರೇಷ್ಮೆ ಸಾಹುಕಾರರ ಮಗನಾದ ನಾನು ಏಕವಚನದಲ್ಲೇ ಕೂಗುತ್ತಿದ್ದೆ. ನನ್ನ ತಂದೆಯ ವಯಸ್ಸಿನ ಅವರು ನನ್ನನ್ನು ‘ಬುದ್ದಿ’ ಎನ್ನುತ್ತಿದ್ದರು.

ತಂತಿಯ ತುದಿಗೆ ಕಬ್ಬಿಣದ ಗುಂಡಿರುವ ಹ್ಯಾಮರನ್ನು ಎಸೆಯಲು ಹೋಗಿ ನಾನು ದಿನವೂ ಮುಗ್ಗರಿಸುತ್ತಿದ್ದೆ. ಡ್ರಿಲ್ ಮೇಷ್ಟರಿಗೂ ಅದರ ಮರ್ಮ ಗೊತ್ತಿರಲಿಲ್ಲ. ಒಂದು ಬೆಳಿಗ್ಗೆ ಮೈದಾನಕ್ಕೆ ನೀರು ಚಿಮುಕಿಸುತ್ತಿದ್ದ ಜವಾನರು ಬಿಂದಿಗೆ ಇಳಿಸಿ ಹತ್ತಿರ ಬಂದರು. ಹೊಲಕ್ಕೆ ನುಗ್ಗುವ ಹಂದಿಗಳಿಗೆ ಚಿಕ್ಕಂದಿನಿಂದ ಕವಣೆ ಬೀಸಿದವರು.

“ಗುಂಡ್ನ ಎಳೀಬ್ಯಾಡಿ ಬುದ್ದಿ. ಅದೇ ಎಳೀಲಿ, ನೀವು ಇಂದ್ಕೆ ಕೂತ್ಕಂಡಂಗಿರಿ. ಅದು ಓಯ್ತೀನಿ ಅಂದಾಗ ಬುಟ್ಬುಡಿ” ಎಂದರು. ಸ್ಕೂಲಿನ ಗಂಟೆ ಹೊಡೆಯುವ ಮುಂಚೆ, ಎಂಟು ತಿಂಗಳು ಕಲಿಸಿದರು.

ಆಗ ನಾವು ಕೊಯಮತ್ತೂರು ಜಿಲ್ಲೆಗೆ ಸೇರಿದ್ದೆವು. ಅಲ್ಲಿನ ಜಿಲ್ಲಾ ಪಂದ್ಯದಲ್ಲಿ ನಾನೇ ಮೊದಲು ಬಂದೆ. ಬಹುಮಾನ ಕೊಟ್ಟ ಅಧಿಕಾರಿ, ಇದನ್ನು ಯಾರು ಕಲಿಸಿದರೆಂದು ತಮಿಳಿನಲ್ಲಿ ಕೇಳಿದರು. ಜವಾನರು ಹ್ಯಾಮರಿನ ಗೋಣಿಚೀಲ ಹಿಡಿದು ನನ್ನ ಹಿಂದೆಯೇ ನಿಂತಿದ್ದರು. ಅವರಿಗೆ ತಮಿಳು ಚೆನ್ನಾಗಿ ಬರುತ್ತಿತ್ತು. ಸುತ್ತ ಬೂಟು ಹಾಕಿದ ಹುಡುಗರು. ಪುಸ್ತಕ ನೋಡಿ ನಾನೇ ಕಲಿತೆ ಎಂದುಬಿಟ್ಟೆ.

ವಾಪಸು ಬರುವಾಗ ಬಸ್ಸಿನಲ್ಲಿ ಅವರು ಕೇಳಿದ್ದು ಒಂದೇ: “ಅಂಗೈ ಉರೀತಾ ಅದಾ ಬುದ್ದಿ?”

ಮರುವರ್ಷ ಡ್ರಿಲ್ ಮೇಷ್ಟರಿಗೆ ಒಬ್ಬ ಸಹಾಯಕ ಬೇಕಾಯಿತು. ಹೆಡ್‌ಮಾಸ್ಟರರ ಹತ್ತಿರ ಒಂದು ಮಾತು ಹೇಳಿ ಎಂದು ಜವಾನರು ನನ್ನನ್ನು ಕೇಳಿಕೊಂಡರು. ಹೇಳಿದರೆ ನನ್ನ ಸುಳ್ಳು ಬಯಲಾಗುತ್ತಿತ್ತು. ನೋಡೋಣ ಎಂದೆ, ಹೇಳಲಿಲ್ಲ. ಬೇರೆ ಊರಿನವರೊಬ್ಬರು ಆ ಕೆಲಸಕ್ಕೆ ಬಂದರು. ಇವರು ಗಂಟೆ ಹೊಡೆಯುತ್ತಲೇ ಉಳಿದರು. ನನ್ನನ್ನು ಕಂಡರೆ ಮೊದಲಿನಂತೆಯೇ ನಗುತ್ತಿದ್ದರು. ನಾನೇ ತಪ್ಪಿಸಿಕೊಂಡು ಓಡಾಡುತ್ತಿದ್ದೆ.

ವರ್ಷಗಳ ಮೇಲೆ, ಅವರು ತೀರಿಕೊಂಡ ಸುದ್ದಿ ತಡವಾಗಿ ತಿಳಿದು ಲೊಕ್ಕನಹಳ್ಳಿಗೆ ಹೋದೆ. ಅವರ ಮಗಳು ಜಗಲಿಯ ಮೇಲೆ ಚಾಪೆ ಹಾಸಿದಳು. ನಾನು ಯಾರೆಂದು ತಿಳಿದದ್ದೇ ಕಣ್ಣರಳಿಸಿದಳು.

“ನಮ್ಮಪ್ಪ ನಿಮ್ ಇಸ್ಯ ಬಾಳ ಏಳ್ತಿದ್ರು ಸಾ. ಯಾರೂ ಕಲಿಸ್ದೆ, ಬುಕ್ ನೋಡ್ಕಂಡೇ ಕಲ್ತ್ರಂತಲ್ಲ.”

ನನ್ನ ಸುಳ್ಳನ್ನು ಅವರು ಮನೆಯಲ್ಲೂ ಕಾಪಾಡಿದ್ದರು.

“ಕಲಿಸಿದ್ದು ನಿಮ್ಮಪ್ಪನೇ ಕಣವ್ವ” ಎಂದೆ. ಅವಳು ನಂಬಲಿಲ್ಲ. ಸಾವಿನ ಮನೆಯಲ್ಲಿ ದೊಡ್ಡವರು ಸಮಾಧಾನಕ್ಕೆ ಆಡುವ ಮಾತೆಂದುಕೊಂಡು, ಸೆರಗಿನಿಂದ ಕಣ್ಣೊರೆಸಿಕೊಂಡು, ನನಗೆ ಕುಡಿಯಲು ನೀರು ತರಲು ಒಳಗೆ ಹೋದಳು.